ಕೊಹಿಮಾದಿಂದ ಬಂದವರು

ತಾತ,

ಇವತ್ತು ಬೆಳಗ್ಗೆ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ನಮ್ಮ ವಾರ್ಡಿನ ಒಂಟಿ ಕೋಣೆಯಲ್ಲಿ ನೂರು ವರ್ಷದ ರೋಗಿಯೊಬ್ಬ ನನ್ನ ಕುತ್ತಿಗೆ ಹಿಸುಕಿದ. ಹೆಸರು ಹೆರಾಲ್ಡ್. ಜ್ವರ ನೆತ್ತಿಗೇರಿತ್ತು. ನಾಡಿ ನೋಡಲು ಬಗ್ಗಿದವಳನ್ನು ಎಳೆದುಕೊಂಡು ಎರಡೂ ಕೈಯಿಂದ ಅದುಮಿದ. ಆ ಒಣಗಿದ ಕೈಗಳಲ್ಲಿ ಅಷ್ಟು ಬಲ ಎಲ್ಲಿತ್ತೋ, ನನಗೆ ಕಣ್ಣು ಕತ್ತಲಾಯಿತು. ನಮ್ಮ ಕಡೆಯ ನರ್ಸ್ ಶ್ರಾವ್ಯ ಓಡಿಬಂದು ಅವನ ಬೆರಳು ಬಿಡಿಸಿದಳು.

"ಡಾಕ್ಟ್ರೇ, ಸೆಕ್ಯೂರಿಟಿ ಕರೀಲಾ?"

ಬೇಡವೆಂದೆ.

ಜ್ವರ ಇಳಿದ ಮೇಲೆ ಅವನೇ ಅಳುತ್ತಾ ಹೇಳಿದ. ಸಾವಿರದ ಒಂಬೈನೂರ ನಲವತ್ತನಾಲ್ಕರ ಮಹಾಯುದ್ಧದಲ್ಲಿ ಅವನು ನಾಗಾಲ್ಯಾಂಡಿನ ಕೊಹಿಮಾದ ಗುಡ್ಡದ ಮೇಲೆ ಜಪಾನಿಯರ ವಿರುದ್ಧ ಕಾದಾಡುತ್ತಿದ್ದ. ಗುಂಡುಗಳು ಮುಗಿದಿದ್ದವು. ಕಂದಕಕ್ಕೆ ಹಾರಿದ ಜಪಾನಿ ಹುಡುಗನ ಮುಖಕ್ಕೆ ಸಲಿಕೆಯಿಂದ ಹೊಡೆದ. ದವಡೆ ಸೀಳಿ ಜೋತಾಡಿತು, ಜೀವ ಹೋಗಲಿಲ್ಲ. ಹೆಣಗಳ ಮೇಲೆ ಅವನನ್ನು ಕೆಡವಿ, ಎದೆಯ ಮೇಲೆ ಕೂತು ಕುತ್ತಿಗೆ ಹಿಸುಕಿದ.

"ಅವನು ಇನ್ನೂ ಸಾಯ್ತಾ ಇಲ್ಲ," ಎಂದ.

"ನಮ್ಮ ತಾತನೂ ಅಲ್ಲಿ ಸಿಪಾಯಿ ಆಗಿದ್ರು," ಎಂದೆ.

"ಮನೆಗೆ ಬಂದ್ರಾ?"

"ಬಂದ್ರು."

"ನಿದ್ದೆ ಮಾಡ್ತಿದ್ರಾ?"

ತಾತ, ನೀನು ನಿದ್ದೆಗಣ್ಣಿನಲ್ಲಿ ಅಜ್ಜಿಯ ಹಲ್ಲು ಮುರಿದ ಮೇಲೆ ನಿನಗೆ ಕೊಟ್ಟಿಗೆಯಲ್ಲಿ ಹಾಸಿಗೆ ಹಾಕಿ, ಹೊರಗಿನಿಂದ ಚಿಲಕ ಹಾಕುತ್ತಿದ್ದರಲ್ಲ. ಒಳಗಿನಿಂದ ನೀನು ಯಾರನ್ನೋ ಕ್ಷಮಿಸು ಅನ್ನುತ್ತಿದ್ದೆ. ತಾತನಿಗೆ ಹುಚ್ಚು ಎಂದು ನಮಗೆಲ್ಲ ಹೇಳಿದ್ದರು.

"ಇಲ್ಲ," ಎಂದೆ.

ಹೆರಾಲ್ಡ್ ನನ್ನ ಕತ್ತಿನ ಕೆಂಪು ಗುರುತನ್ನು ನೋಡಿ ಮುಖ ತಿರುಗಿಸಿದ. ಅವನಿಗೆ ಜೋಂಪು ಹತ್ತುವವರೆಗೂ ಪಕ್ಕದಲ್ಲೇ ಕೂತಿದ್ದೆ. ನಾನು ಏಳುವಾಗ ಅವನು ಕಣ್ಣು ತೆರೆಯದೆಯೇ ಅಂದ: "ಬಾಗಿಲು ಹಾಕ್ಬೇಡಮ್ಮ."

ತೆರೆದೇ ಇಟ್ಟು ಬಂದೆ, ತಾತ.

ಬೃಂದಾ