ಬಿನವಿರೋಧ

ಜನವರಿ ೫, ಸೋಮವಾರ
ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಟ್ಟೆ. ನಮ್ಮ ಯಜಮಾನರು ಅಂಬಾದಾಸರು ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಗೋಡೌನ್‌ಗೆ ಹೋದರು. ಮಗನ ಬೆನ್ನಿಗೇ ಅತ್ತೆ ಸುಗಲಾಬಾಯಿಯೂ ಎದ್ದು ನನ್ನ ಜೊತೆ ಎಸ್‌ಟಿ ಬಸ್ಸು ಹತ್ತಿದರು. ಅಕ್ಕಲಕೋಟೆಯ ತಹಸೀಲ್ ಕಚೇರಿ. ಪಂಚಾಯ್ತಿಯ ಅಧ್ಯಕ್ಷಗಿರಿಗೆ, ಸರಪಂಚ್ ಸ್ಥಾನಕ್ಕೆ, ಅರ್ಜಿ ಕೊಟ್ಟು ಬಂದೆ. ಈ ಸಲ ಮಹಿಳಾ ಸೀಟು.
ಸೊಲ್ಲಾಪುರದ ಸಭೆಗಳಲ್ಲಿ ಬೈದಾಡುವ ಎರಡೂ ಪಾರ್ಟಿಯವರು ನಮ್ಮೂರ ಬೀರೋಬಾ ಗುಡಿಯಲ್ಲಿ ಒಟ್ಟಿಗೆ ಕೂತು, ಊರ ಮುಖಂಡ ನಾಗಣ್ಣನ ಹೆಂಡತಿ ಲೀಲಾಬಾಯಿಯೇ ಸರಪಂಚ್ ಎಂದು ಮುಗಿಸಿಬಿಟ್ಟಿದ್ದರು. ಎದುರು ಯಾರೂ ಇಲ್ಲ. ಬಿನವಿರೋಧ. ಪ್ರತಿ ಸಲವೂ ಹೀಗೇ; ಸೊಸೆಯಾಗಿ ಬಂದಾಗಿನಿಂದ ಗ್ರಾಮ ಪಂಚಾಯ್ತಿಗೆ ಒಮ್ಮೆಯೂ ಓಟು ಹಾಕಿಲ್ಲ ನಾನು.

ಜನವರಿ ೭
ನಾಗಣ್ಣ ಬಂದಿದ್ದ. ಕಟ್ಟೆಯ ಮೇಲೆ ಕೂತ. ದನಿ ಮೆತ್ತಗೆ.
“ಎಲೆಕ್ಷನ್ ಆದ್ರ ಊರು ಒಡೀತದ, ಛಾಯಾ ತಂಗಿ. ಅರ್ಜಿ ವಾಪಸ್ ತಗೋ.”
ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, “ಆರಸಾಕ ಇಬ್ಬರರೇ ಬೇಕಲ್ಲ ನಾಗಣ್ಣ? ಒಬ್ಬಾಕಿನೇ ಇದ್ರ ಅದು ಆರಸೂದು ಹೆಂಗಾಗ್ತದ?”
ನಕ್ಕ. ಕುರಿಹಟ್ಟಿಯ ಹತ್ತಿರ ಹೋಗಿ ಟಗರಿನ ಬೆನ್ನು ಸವರಿದ. “ಛಲೋ ಬೆಳಸೀರಿ” ಅಂದ. ಚಹಾ ಮುಟ್ಟಲಿಲ್ಲ.

ಜನವರಿ ೮
ಗಿರಣಿಯವನು ಕರೆಂಟ್ ಇಲ್ಲ ಅಂದ. ಒಳಗೆ ಮಷೀನ್ ಓಡುತ್ತಿತ್ತು... ಜೋಳದ ಬುಟ್ಟಿ ಹೊತ್ತು ಪಕ್ಕದೂರು ನಾಗಣಸೂರಿನ ಗಿರಣಿಗೆ ನಡೆದೆ. ದಾರಿಯಲ್ಲಿ ಸಿಕ್ಕ ಹೆಂಗಸರು ಮುಖ ತಿರುಗಿಸಿದರು. ಒಬ್ಬಳು ಮಾತ್ರ, ನಿಲ್ಲದೆ, “ಓಟು ನಿನಗೇ ಹಾಕ್ತೀವಿ. ನಮ್ಮ ಜೋಡಿ ಮಾತಾಡಬ್ಯಾಡ” ಅಂದು ಹೋದಳು.

ಜನವರಿ ೧೨
ಬರೆಯಲು ಆಗಿರಲಿಲ್ಲ.
ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಿಗೆ ಅಡ್ಡ ನಮ್ಮ ಟಗರು. ನಾಲ್ಕೂ ಕಾಲು ಕಟ್ಟಿದ್ದಾರೆ. ಹಣೆಗೆ ದೇವರ ಭಂಡಾರದ ಅರಿಶಿನ, ಕೊರಳಿಗೆ ಹಾರ — ಬಲಿಗೆ ಸಿದ್ಧ ಮಾಡಿದ ಹಾಗೆ. ಜೀವ ಇತ್ತು. ಕೂಗುತ್ತಲೂ ಇರಲಿಲ್ಲ.
ಅತ್ತೆ ಹಗ್ಗ ಬಿಚ್ಚಿದರು. ಭಂಡಾರ ತೊಳೆದರು. ಟಗರನ್ನು ಹಟ್ಟಿಗೆ ನಡೆಸಿಕೊಂಡು ಹೋದರು.
ಅಂಬಾದಾಸರು, “ನಾಳೆ ಮೂರಕ್ಕ ಅರ್ಜಿ ವಾಪಸ್ ತಗೊಳ್ಳೂ ಟೈಮ್ ಮುಗೀತದ. ಅಲ್ಲೀತನಕ ನೀ ಊರಾಗ ಇರಬ್ಯಾಡ” ಅಂದರು. ಸೊಲ್ಲಾಪುರಕ್ಕೆ ತಂದು ಬಿಟ್ಟು ಹೋದರು. ನವಿ ಪೇಠದಲ್ಲಿ ನನ್ನ ತಂಗಿ ಸಾರಿಕಾಳ ಮನೆ, ಬಟ್ಟೆ ಅಂಗಡಿಯ ಮೇಲೆ. ಕಿಟಕಿ ಹಾಕಿಕೊಂಡೇ ಇದ್ದೇವೆ.

ಜನವರಿ ೧೩, ಮಧ್ಯಾಹ್ನ ೧
ಅಂಬಾದಾಸರ ಫೋನು.
“ಗೋಡೌನ್ ಗೇಟಿನ ಮುಂದ ನಾಗಣ್ಣ ಗಾಡಿ ತಂದು ನಿಂತಾನ. ನಿನ್ನ ಅಕ್ಕಲಕೋಟಿಗೆ ಕರಕೊಂಡು ಬಾ ಅಂತಾನ.”
“ಬರ್ಲೇನ್ರಿ?”
ಆ ಕಡೆ ಗಾಡಿಯ ಹಾರನ್ ಕೇಳಿಸಿತು.
“ಬ್ಯಾಡ. ಅವ್ವ ಓಟು ಹಾಕಲಿ.”

೩.೪೦
ಮುಗಿಯಿತು. ಕಣದಲ್ಲಿ ಇಬ್ಬರು. ನನ್ನ ಚಿಹ್ನೆ ಚಹಾದ ಕಪ್ ಬಶಿ. ಅತ್ತೆಗೆ ಫೋನ್ ಮಾಡಿದೆ. “ಓಟು ಯಾವತ್ತಂತ?” — ಅಷ್ಟೇ ಕೇಳಿದರು. ದನಿಯಲ್ಲಿ ಖುಷಿ ಇತ್ತು.
ಅಂಬಾದಾಸರು ಫೋನ್ ಎತ್ತುತ್ತಿಲ್ಲ.

ಸಂಜೆ ೬
ಅವರ ನಂಬರಿನಿಂದ ಕಾಲ್. ನಾಗಣ್ಣನ ದನಿ.
“ಅಂಬಾದಾಸ ನಮ್ಮ ಗಾಡ್ಯಾಗ ಅದಾನ, ತಂಗಿ. ಮನಿಗೆ ಬಿಡಾಕತ್ತೀವಿ. ನೀನೂ ಬಾ, ಮಾತಾಡೂಣು.”
“ಅವರ ಕೈಯಾಗ ಕೊಡ್ರಿ ಫೋನ್.”
ಕೊಡಲಿಲ್ಲ. ಗಾಡಿಯ ಸದ್ದು ಮಾತ್ರ.
ಸಾರಿಕಾ ಪೊಲೀಸ್ ಚೌಕಿಗೆ ಹೋಗೋಣ ಎನ್ನುತ್ತಿದ್ದಾಳೆ. ಚಪ್ಪಲಿ ಮೆಟ್ಟಿದ್ದೇನೆ. ಕೆಳಗಿನಿಂದ ಅಂಗಡಿಯವರು ಕೂಗುತ್ತಿದ್ದಾರೆ — ನನ್ನನ್ನು ಕೇಳಿಕೊಂಡು ಯಾರೋ ಗಾಡಿಯಲ್ಲಿ ಬಂದಿದ್ದಾರಂತೆ.