ಹದಿನೆಂಟನೇ ನಂಬರಿನ ಅಂಗಿ

ರೇಗನ್ಸ್‌ಬರ್ಗ್, ಶನಿವಾರ

ಸೌಭಾಗ್ಯಕ್ಕಾ,

ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ನಿನ್ನ ಖಾಲಿ ಡಬ್ಬಿಯ ಜೊತೆ ಈ ಪತ್ರ ಇಡುತ್ತಿದ್ದೇನೆ.

ನಿನ್ನ ಮಗ ಅಥರ್ವನನ್ನು ಬೇಸ್‌ಬಾಲ್ ಕ್ಲಬ್ಬಿನ ದೊಡ್ಡವರ ತಂಡಕ್ಕೆ ಯಾವಾಗ ಸೇರಿಸೋಣ ಎಂದು ಕೋಚ್ ಮಾರ್ಚಿನಲ್ಲೇ ನನ್ನನ್ನು ಕೇಳಿದ್ದರು. ‘ಹುಡುಗನ ಭುಜ ಇನ್ನೂ ಬಲಿತಿಲ್ಲ, ಮುಂದಿನ ವರ್ಷ ನೋಡೋಣ’ ಎಂದೆ. ಸೋದರಮಾವ ಎಷ್ಟು ಕಾಳಜಿ ಮಾಡುತ್ತಾನೆಂದು ನೀನು ಗೋಧಿ ಹುಗ್ಗಿ ಮಾಡಿ ಕಳಿಸಿದೆ. ತಿಂದೆ.

ಭುಜದ ಮಾತು ಸುಳ್ಳು. ನಮ್ಮ ದೊಡ್ಡವರ ತಂಡದಲ್ಲಿ ಪಂದ್ಯ ಶುರುವಾದಾಗ ಚೆಂಡೆಸೆಯಲು ನಿಲ್ಲುವವನು ಒಬ್ಬನೇ. ಹನ್ನೊಂದು ವರ್ಷದಿಂದ ಆ ಜಾಗ ನನ್ನದು.

ಗುರುವಾರ ಪ್ರಾಕ್ಟೀಸಿನಲ್ಲಿ ಅವನು ಎಸೆದ, ನಾನು ಬ್ಯಾಟ್ ಹಿಡಿದೆ. ಮೂರರಲ್ಲಿ ಒಂದು ಚೆಂಡೂ ತಾಗಲಿಲ್ಲ. “ಮಾಮಾ, ಸ್ವಲ್ಪ ಸಾವಕಾಶ ಒಗೀಲೇನು?” ಅಂದ. ಪ್ರೀತಿಯಿಂದಲೇ ಕೇಳಿದ. ಹೊಟ್ಟೆ ಉರಿದದ್ದು ಅದಕ್ಕೇ.

ಇವತ್ತು ಕೋಚ್‌ಗೆ ನಿಜ ಹೇಳಿದೆ. ಮುಂದಿನ ಭಾನುವಾರ ಅವನೇ ಎಸೆಯುತ್ತಾನೆ. ಹೊಸ ಅಂಗಿ ಬರುವ ತನಕ ನನ್ನ ಹದಿನೆಂಟನೇ ನಂಬರಿನದೇ ಹಾಕಿಕೊಳ್ಳಲಿ, ಡಬ್ಬಿಯ ಚೀಲದಲ್ಲೇ ಇದೆ. ಸೊಂಟದ ಹತ್ತಿರ ದೊಗಳೆಯಾಗುತ್ತದೆ, ಒಳಗೆ ಮಡಚಿ ಹೊಲಿ.

ಬಟ್ಟೆ ಮಾತ್ರ ಕತ್ತರಿಸಬೇಡ. ನನಗೆ ವಾಪಸ್ ಬೇಕು.

ನಿನ್ನ ತಮ್ಮ,
ಬಸವಪ್ರಸಾದ