ನಲವತ್ಮೂರು ಮನೆಗಳ ನಕಾಶೆ

ಪಂಗಾನಿ, ನೈರೋಬಿ
14 ಮಾರ್ಚ್ 2015

ನನ್ನ ಕ್ಲೇರ್‌ಗೆ, ಅಮ್ಮನ ಪ್ರೀತಿ.

ನಿನಗೆ ಕನ್ನಡ ಓದುವುದು ನಿಧಾನ, ಗೊತ್ತು. ಆದರೆ ಇಂಗ್ಲಿಷಿನಲ್ಲಿ ನಾನು ಮೂವತ್ತು ವರ್ಷ ಸರ್ವೇ ಆಫೀಸಿನ ಮಾತನ್ನೇ ಟೈಪ್ ಮಾಡಿದವಳು. ಇದನ್ನು ಆ ಭಾಷೆಯಲ್ಲಿ ಬರೆಯಲಾರೆ.

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿನ ನಿನ್ನ ವಕೀಲಿ ಕೆಲಸದ ಬಗ್ಗೆ ನೀನು ಬರೆದಿದ್ದೆ. ಅಲ್ಲಿನ ಮೂಲನಿವಾಸಿಗಳಾದ ಮಿಗ್‌ಮಾ ಜನ ಇನ್ನೂರೈವತ್ತು ವರ್ಷ ಹಳೆಯ ಒಪ್ಪಂದ ಹಿಡಿದು ಕೋರ್ಟಿನಲ್ಲಿ ಮೀನುಗಾರಿಕೆಯ ಹಕ್ಕು ಗೆದ್ದದ್ದು, ಈಗ ತಮ್ಮ ಶಾಲೆಗಳನ್ನು ತಾವೇ ನಡೆಸುತ್ತಿರುವುದು. ನಿನ್ನ ಕಕ್ಷಿದಾರಳಾದ ಮುದುಕಿಯೊಬ್ಬಳು ಹೇಳಿದಳಂತೆ: ಆ ಕಾಗದ ಉಳಿಯದಿದ್ದರೆ ನಾವು ಇದ್ದೆವು ಅಂತಲೇ ಯಾರೂ ನಂಬುತ್ತಿರಲಿಲ್ಲ. ಆ ಸಾಲು ಓದಿ ಪತ್ರ ಮಡಚಿಟ್ಟೆ. ಒಂದು ವಾರ ಮುಟ್ಟಲಿಲ್ಲ.

ಯಾಕೆಂದರೆ ಅದೇ ತಿಂಗಳು ನಮ್ಮ ಮನೆಗೂ ಒಬ್ಬಳು ಬಂದಿದ್ದಳು. ಹೆಸರು ಚೆಬೆಟ್, ಎಪ್ಪತ್ತರ ಹತ್ತಿರದವಳು. ಜೊತೆಗೆ ಅಪ್ಪರ್ ಹಿಲ್‌ನ ವಕೀಲ ಪೀಟರ್. ಕಣಿವೆಯ ಮೇಲಿನ ಕಾಡಿನಲ್ಲಿ ಜೇನು ಸಾಕಿ ಬದುಕಿದ್ದ ಜನ ಅವಳದು. 1986ರಲ್ಲಿ, ನೀನು ನನ್ನ ಹೊಟ್ಟೆಯಲ್ಲಿದ್ದಾಗ, ಆ ಕಾಡಿನ ನಕಾಶೆ ಬರೆದವರು ನಿನ್ನ ಪಪ್ಪ. ಹದಿನೈದು ದಿನ ಅಲ್ಲೇ ಟೆಂಟ್ ಹಾಕಿಕೊಂಡು ನಲವತ್ಮೂರು ಮನೆಗಳನ್ನು ಗುರುತಿಸಿ ಬಂದಿದ್ದರು. ಆಫೀಸಿನಿಂದ ಹೊರಗೆ ಹೋದ ನಕಾಶೆಯಲ್ಲಿ ಒಂದು ಮನೆಯೂ ಇರಲಿಲ್ಲ. ‘ಜನವಸತಿ ಇಲ್ಲ’ ಎಂಬ ವರದಿ ಟೈಪ್ ಮಾಡಿದವಳು ನಾನು. ಎರಡು ತಿಂಗಳ ಮೇಲೆ ಕಾಡು ತೆರವು ಮಾಡಿಸಲು ಸರ್ಕಾರದ ಲಾರಿಗಳು ಹೋದವು. ಮನೆಗಳಿಗೆ ಬೆಂಕಿ ಇಟ್ಟರು.

ಪಪ್ಪ ಊಟದ ನಡುವೆ ಎದ್ದು, ಹೊಗೆ ವಾಸನೆ, ಗ್ಯಾಸ್ ನೋಡಿ ಬಾ ಎನ್ನುತ್ತಿದ್ದುದು ನಿನಗೆ ನೆನಪಿರಬಹುದು. ನೀನು ನಗುತ್ತಿದ್ದೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಆ ವಾಸನೆ ನನಗೆ ಬರುತ್ತದೆ. ಕಾಯಿ ತುರಿಯುವಾಗ ಆ ಕರಕರ ಸದ್ದಿಗೆ ಕೈ ನಿಂತುಬಿಡುತ್ತದೆ.

ಚೆಬೆಟ್ ಪಪ್ಪನ ಕುರ್ಚಿಯಲ್ಲೇ ಕೂತಳು. ಬೈಯಲಿಲ್ಲ. ಸ್ವಾಹಿಲಿಯಲ್ಲಿ ಮೆಲ್ಲಗೆ ಹೇಳಿದಳು: “ಆ ಮನುಷ್ಯ ನಮ್ಮಮ್ಮನ ಕೈಯಿಂದ ಜೇನು ತಿಂದಿದ್ದ. ನಮ್ಮ ಮನೆಯನ್ನು ಕಾಗದದ ಮೇಲೆ ಬರೆದುಕೊಂಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಆ ಕಾಗದ ಇದೆಯಾ?” ಕಾಡು ತಮ್ಮದು, ಅದನ್ನು ತಾವೇ ನೋಡಿಕೊಳ್ಳುತ್ತೇವೆ ಎಂದು ಅವರು ಕೇಸು ಹಾಕಿದ್ದಾರೆ. ಅಲ್ಲಿ ವಾಸವಿದ್ದರು ಎನ್ನಲು ಕೈಯಲ್ಲಿ ಏನೂ ಇಲ್ಲ ಎಂದು ಪೀಟರ್ ವಿವರಿಸಿದ.

ಇಲ್ಲ ಎಂದೆ. ಹಳೇ ಕಾಗದಗಳನ್ನೆಲ್ಲ ನಮ್ಮವರು ಸುಟ್ಟುಬಿಟ್ಟರು ಎಂದೆ. ಆ ಮಾತಿಗೆ ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಚಹಾ ಮುಗಿಸಿ, ಅಸಾಂಟೆ ಎಂದು ಧನ್ಯವಾದ ಹೇಳಿ ಹೊರಟುಹೋದಳು.

ಪಪ್ಪ ಕಾಡಿನಲ್ಲೇ ಪೆನ್ಸಿಲಿನಲ್ಲಿ ಬರೆದ ಮೊದಲ ಹಾಳೆ ನನ್ನ ಮದುವೆ ಸೀರೆಯ ಪೆಟ್ಟಿಗೆಯಲ್ಲಿತ್ತು, ಕ್ಲೇರ್.

ಎರಡು ವಾರದ ಹಿಂದೆ ನಿನ್ನ ಪತ್ರವನ್ನು ಮತ್ತೆ ಓದಿದೆ. ಪೀಟರ್‌ಗೆ ಫೋನ್ ಮಾಡಿ, ಹಾಳೆಯನ್ನು ಟವೆಲಿನಲ್ಲಿ ಸುತ್ತಿ, ಮಟಾಟು ವ್ಯಾನ್ ಹತ್ತಿ ಅವನ ಆಫೀಸಿಗೆ ಹೋದೆ. ಪೀಟರ್ ಚೆಬೆಟ್‌ಳನ್ನೂ ಕರೆಸಿದ್ದ. ಮೇಜಿನ ಮೇಲೆ ಹರಡಿದಾಗ ಅವಳು ಮೊದಲು ಹೊಳೆಯನ್ನು ಹುಡುಕಿದಳು, ಆಮೇಲೆ ಒಂದೊಂದು ಚೌಕದ ಮೇಲೂ ಬೆರಳಿಟ್ಟು ಮನೆಯವರ ಹೆಸರು ಹೇಳುತ್ತಾ ಹೋದಳು. ಯಾರ ಮನೆಯಲ್ಲಿ ಅವಳಿ ಮಕ್ಕಳು, ಯಾರ ನಾಯಿ ಕಚ್ಚುತ್ತಿತ್ತು, ಎಲ್ಲ. ಪೀಟರ್ ಬರೆದುಕೊಳ್ಳುತ್ತಿದ್ದ. ಒಂದು ಚೌಕದ ಮೇಲೆ ಬೆರಳು ನಿಂತಿತು. ಇದು ಯಾರದು ಎಂದು ಅವನು ಕೇಳಿದ.

“ನಮ್ಮದು. ಅಮ್ಮ ಒಳಗಿದ್ದಳು.”

ಅವಳು ಬೆರಳು ಎತ್ತಲಿಲ್ಲ.

ಹಾಳೆ ಈಗ ಅವರ ಬಳಿ ಇದೆ. ಅಫಿಡವಿಟ್‌ಗೆ ಸಹಿ ಹಾಕಿದ್ದೇನೆ, ಜೂನ್‌ನಲ್ಲಿ ಕೋರ್ಟಿಗೆ ಕರೆಯುತ್ತಾರಂತೆ. ನಿನ್ನ ಜೆಫ್ರಿ ಚಿಕ್ಕಪ್ಪನಿಗೆ ಹೇಗೋ ಸುದ್ದಿ ಹೋಗಿದೆ. ಸತ್ತ ಅಣ್ಣನ ಹೆಸರಿಗೆ ಮಸಿ ಬಳಿದಿರಿ ಅತ್ತಿಗೆ ಎಂದು ಫೋನ್ ಇಟ್ಟುಬಿಟ್ಟ. ಭಾನುವಾರ ಚರ್ಚಿನ ಪೂಜೆಯಲ್ಲಿ ನನ್ನ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ.

ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಮ್ಮ,
ಬೆನೆಡಿಕ್ಟಾ

ತಾ.ಕ.: ಮನೆಗಳನ್ನು ಅಳಿಸಿದ್ದು ಪಪ್ಪ ಎಂದು ಜೆಫ್ರಿ ನಂಬಿದ್ದಾನೆ. ಇಷ್ಟು ಓದಿ ನೀನೂ ಹಾಗೇ ತಿಳಿದಿರುತ್ತೀ. ಆಫೀಸಿನ ಸಾಹೇಬರು ಅಳಿಸು ಎಂದಾಗ ಪಪ್ಪ ಆಗುವುದಿಲ್ಲ ಎಂದು ಎದ್ದು ಮನೆಗೆ ಬಂದಿದ್ದರು. ಅವರ ಕೆಲಸ ಹೋಗುತ್ತದೆಂದು ಹೆದರಿ, ಅವರದೇ ಮೇಜಿನಲ್ಲಿ ಕೂತು, ಬ್ಲೇಡಿನಿಂದ ಶಾಯಿಯ ಚೌಕಗಳನ್ನು ಒಂದೊಂದಾಗಿ ಕೆರೆದು ತೆಗೆದವಳು ನಾನು. ಅವರಿಗೆ ಗೊತ್ತಿತ್ತು. ಸಾಯುವ ತನಕ ಯಾರಿಗೂ ಹೇಳಲಿಲ್ಲ, ನನ್ನನ್ನು ಕೇಳಲೂ ಇಲ್ಲ. ಅಫಿಡವಿಟ್‌ನಲ್ಲಿ ನನ್ನ ಹೆಸರನ್ನೇ ಬರೆಸಿದ್ದೇನೆ. ಪೀಟರ್ ಅದನ್ನು ಚೆಬೆಟ್‌ಗೆ ಓದಿ ಹೇಳುವಾಗ ನಾನು ಅವಳ ಎದುರಿಗೇ ಕೂತಿದ್ದೆ.